ನೆಲವನ್ನೂ ನಂಬದ ಪುರೋಹಿತರು

ಅವರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ವರ್ಷಗಟ್ಟಲೆ ಹೋಮದ ಹೊಗೆ ಕುಡಿದು ಹಾಗಾಯಿತು ಎಂದು ಅವರು ಹೇಳುತ್ತಿದ್ದರು. ಹುಟ್ಟಿನಿಂದಲೇ ಹಾಗೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಯಾರ ಮಾತು ನಿಜವೋ ನಾನು ವಿಚಾರಿಸಲಿಲ್ಲ. ತುಪ್ಪದ ಪಾತ್ರೆಯನ್ನು ಮೂಗಿನ ಬಳಿ ತಂದಾಗ ಆ ಕಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ತುಪ್ಪ ತಂದುಕೊಟ್ಟವರ ಮುಖದ ಮೇಲೆ ನಿಂತಿರುತ್ತಿತ್ತು. ಅಪರಾಧ ಮಾಡದವರೂ ಆ ನೋಟಕ್ಕೆ ತಲೆ ತಗ್ಗಿಸುತ್ತಿದ್ದರು.

ಅವರು ನಮ್ಮ ಮನೆಯ ಪುರೋಹಿತರು. ಉಡುಪಿಯ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನೆಲೆಸಿದವರು. ಠಾಣೆಯಿಂದ ಕಲ್ಯಾಣದವರೆಗೆ, ಆಚೆ ವಾಶಿಯವರೆಗೆ, ನಮ್ಮವರ ಹೋಟೆಲುಗಳ ಗಣಹೋಮ, ಮನೆಗಳ ಮದುವೆ, ಶ್ರಾದ್ಧ ಎಲ್ಲವೂ ಅವರದೇ. ಒಂದು ಬಟ್ಟೆಯ ಚೀಲ, ಒಂದು ಕೊಡೆ ಹಿಡಿದು ಲೋಕಲ್ ಗಾಡಿಯಲ್ಲಿ ಓಡಾಡುತ್ತಿದ್ದರು. ನಮ್ಮ ಠಾಕುರ್ಲಿ ಸ್ಟೇಷನ್ನಿನಲ್ಲಿ ಇಳಿಯುವಾಗ ಮೊದಲು ಕೊಡೆಯ ತುದಿಯನ್ನು ಪ್ಲಾಟ್‌ಫಾರ್ಮಿಗೆ ಊರಿ ನೋಡಿ, ಆಮೇಲೆ ಕಾಲಿಡುತ್ತಿದ್ದರು. ಕಾಂಕ್ರೀಟಿನ ಮೇಲೂ ಅನುಮಾನ. ಹಿಂದಿನಿಂದ ನೂಕುವ ಜನ ಬಾಯಿಗೆ ಬಂದದ್ದು ಅಂದರೂ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಾನು ರೈಲ್ವೆಯ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಗಡಿಯಾರ ನೋಡದೆ ನೀರು ಕುಡಿದು ಅಭ್ಯಾಸವಿಲ್ಲ. ಹೇಳಿದ ಹೊತ್ತಿಗೆ ಬರುವವರನ್ನು ಕಂಡರೆ ನನಗೆ ಗೌರವ. ಈ ಪುರೋಹಿತರು ಒಂದು ದಿನವೂ ಹೇಳಿದ ಹೊತ್ತಿಗೆ ಬಂದವರಲ್ಲ, ಯಾವಾಗಲೂ ಅರ್ಧ ಗಂಟೆ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೀಗೇಕೆ ಎಂದು ಒಮ್ಮೆ ಕೇಳಿದೆ.

"ಹೇಳಿದ ಹೊತ್ತಿಗೆ ಬಂದ್ರೆ ಎಲ್ಲರೂ ಮಡಿಯಲ್ಲೇ ಇರ್ತಾರೆ ಮಾರಾಯ್ರೆ. ಮೊದಲೇ ಬಂದ್ರೆ ಯಾರು ಸ್ನಾನ ಮಾಡಿದ್ದಾರೆ, ಯಾರು ತಲೆಗೆ ನೀರು ಚಿಮುಕಿಸಿಕೊಂಡಿದ್ದಾರೆ ಅಂತ ಗೊತ್ತಾಗ್ತದೆ" ಎಂದರು.

ಅವರಿಗೆ ಯಾರ ಮೇಲೂ ಭರವಸೆ ಇರಲಿಲ್ಲ. ಎಳ್ಳನ್ನು ಅಂಗೈಯಲ್ಲಿ ಹರಡಿ ಕಲ್ಲು ಹುಡುಕುತ್ತಿದ್ದರು. ಅಂಗಡಿಯ ಕರ್ಪೂರದಲ್ಲಿ ಮೇಣವಿದೆ ಎನ್ನುತ್ತಿದ್ದರು. ಪಂಚಾಂಗವನ್ನು ಮಾತ್ರ ನಂಬುತ್ತಾರೆಂದು ನಾನು ತಿಳಿದಿದ್ದೆ. ಅದರಲ್ಲೂ ಎರಡು ತಂದು, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಿದ್ದರು. ಯಾರು ಏನೇ ಹೇಳಲಿ, ಅವರ ಮೊದಲ ಮಾತು ಒಂದೇ: "ಹೌದಾ? ಯಾರು ಹೇಳಿದ್ದು?"

ಈ ಗುಣದಿಂದ ಅವರು ಎಷ್ಟೋ ಸಲ ಎಡವಿದ್ದೂ ಉಂಟು. ನನ್ನ ಸೊಸೆ ಮರಾಠಿಯವಳು. ಮದುವೆಯಾಗಿ ಬಂದ ವರ್ಷ ಸತ್ಯನಾರಾಯಣ ಪೂಜೆಗೆಂದು ಅವಳೇ ಕೆನೆ ಕೂಡಿಟ್ಟು, ಬೆಣ್ಣೆ ತೆಗೆದು, ತುಪ್ಪ ಕಾಯಿಸಿದ್ದಳು. ಪುರೋಹಿತರು ಮೂಸಿದರು, ಕಣ್ಣು ಮುಚ್ಚಿದರು, ಇನ್ನೊಮ್ಮೆ ಮೂಸಿದರು. ಇದು ಡಬ್ಬಿಯ ತುಪ್ಪ ಎಂದು ತೀರ್ಪು ಕೊಟ್ಟರು. ಸೊಸೆ ಒಳಗೆ ಹೋಗಿ, ತುಪ್ಪದ ಗಸಿ ಅಂಟಿದ್ದ ಬಾಣಲೆಯನ್ನು ತಂದು ಅವರ ಎದುರಿಗಿಟ್ಟಳು.

"ಗುರುಜಿ, ವಾಸ ಘೇಊನ್ ಝಾಲಾ ಅಸೇಲ್ ತರ್ ಸುರೂ ಕರಾ" ಎಂದಳು. ಮೂಸಿ ಮುಗಿದಿದ್ದರೆ ಪೂಜೆ ಶುರು ಮಾಡಿ ಎಂದು.

ಪುರೋಹಿತರು ಬಾಣಲೆಯನ್ನೂ ಮೂಸಿದರು. ತಪ್ಪಾಯಿತು ಎಂದು ಹೇಳಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯ ತುಪ್ಪವನ್ನು ಒಮ್ಮೆ ಮಾತ್ರ ಮೂಸುತ್ತಿದ್ದರು.

ನನಗೂ ಅವರ ಮೇಲೆ ಅನುಮಾನವಿತ್ತು. ಅವರು ನಡುನಡುವೆ ಮಂತ್ರ ಹಾರಿಸುತ್ತಾರೆ ಎಂದು ನನ್ನ ನಂಬಿಕೆ. ಸಂಜೆ ಇನ್ನೊಂದು ಮನೆಯಲ್ಲಿ ಪೂಜೆ ಇದ್ದ ದಿನ ಅವರ ನಾಲಗೆ ಕಲ್ಯಾಣದ ಫಾಸ್ಟ್ ಗಾಡಿಯಂತೆ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುತ್ತಿರಲಿಲ್ಲ. ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತರೆ ಅವರು ನನ್ನ ಬೆರಳು ಯಾವ ಸಾಲಿನ ಮೇಲಿದೆ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ನಮ್ಮಿಬ್ಬರನ್ನೂ ನೋಡಿ ನನ್ನ ಹೆಂಡತಿ ನಗುತ್ತಿದ್ದಳು. "ನೀವಿಬ್ರೂ ಒಬ್ಬರನ್ನೊಬ್ಬರು ಕಾಯ್ತಾ ಕೂತ್ಕೊಳ್ಳಿ. ದೇವರಿಗೆ ಸ್ವಲ್ಪ ಪುರುಸೊತ್ತಾದ್ರೂ ಸಿಗ್ತದೆ" ಎನ್ನುತ್ತಿದ್ದಳು.

ಅವಳು ಎಲ್ಲರನ್ನೂ ನಂಬುವವಳು. ಕಟ್ಟಡದ ಕೆಳಗಿದ್ದ ಕರಿಯ ಬೀದಿನಾಯಿಗೆ ದಿನವೂ ಮಧ್ಯಾಹ್ನ ಮೊಸರನ್ನ ಇಡುತ್ತಿದ್ದಳು. ಮಕ್ಕಳು ಅದನ್ನು ಕಾಳ್ಯಾ ಎಂದು ಕರೆಯುತ್ತಿದ್ದರು. ಅವಳು ತೀರಿಕೊಂಡ ಮೇಲೆ ಕಾಳ್ಯಾ ಕೆಲವು ದಿನ ನಮ್ಮ ಮೆಟ್ಟಿಲ ಬಳಿಯೇ ಮಲಗಿತ್ತು. ಮೊಸರನ್ನ ಇಡುವ ಕೆಲಸವನ್ನು ನನ್ನ ಮಗ ವಹಿಸಿಕೊಂಡ. ಆಫೀಸಿಗೆ ಹೋಗುವ ಮೊದಲು, ಟೈ ಕಟ್ಟಿಕೊಂಡೇ ಕೆಳಗೆ ಹೋಗಿ ಇಟ್ಟು ಬರುತ್ತಿದ್ದ. ತಾಯಿಯ ಬಗ್ಗೆ ಅವನು ಯಾರೊಡನೆಯೂ ಮಾತಾಡಿದ್ದಿಲ್ಲ. ಆ ನಾಯಿಯೊಡನೆ ಏನಾದರೂ ಆಡುತ್ತಿದ್ದನೋ ಏನೋ.

ಅವಳ ಮೊದಲ ವರ್ಷದ ಶ್ರಾದ್ಧ ಬಂತು. ಚಳಿಗಾಲ. ಮಗ ಕರ್ತೃ. ಬೆಳಿಗ್ಗೆಯಿಂದ ನಡೆದ ಕರ್ಮದ ನಡುವೆ ಪುರೋಹಿತರ ಚೀಲದಲ್ಲಿ ಫೋನು ಮತ್ತೆ ಮತ್ತೆ ನಡುಗಿತು. ಮಾಜಿವಾಡಾದಲ್ಲಿ ಒಂದು ಮನೆಯವರು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇವತ್ತು ಎಷ್ಟು ಮಂತ್ರ ಹಾರುತ್ತದೋ ಎಂದು ಪುಸ್ತಕ ಬಿಡಿಸಿ ಕುಳಿತೆ. ಕರೆದ ಬ್ರಾಹ್ಮಣರ ಊಟವಾಯಿತು, ಪಿಂಡಪ್ರದಾನವಾಯಿತು. ಪಿಂಡವನ್ನು ನೀರಿಗೆ ಬಿಟ್ಟು ಬಂದ ಮೇಲೆಯೇ ಪುರೋಹಿತರಿಗೂ ನಮಗೂ ಊಟ.

ನೀರು ಎಂದರೆ ನಮಗೆ ಹತ್ತಿರದ ಕೆರೆ. ಗಣೇಶನನ್ನು ಬಿಡಲು ಕಟ್ಟಿದ ಮೆಟ್ಟಿಲುಗಳು, ಮೆಟ್ಟಿಲ ಪಕ್ಕ ಕಬ್ಬಿಣದ ಕಂಬಿ, ಕಂಬಿಗೆ ಯಾರೋ ಪುಢಾರಿಯ ಹುಟ್ಟುಹಬ್ಬದ ಬ್ಯಾನರು. ಮಳೆ ಹೋದ ಮೇಲೆ ಆ ಕೆರೆಯ ತುಂಬ ಅಂತರಗಂಗೆ ಬೆಳೆಯುತ್ತದೆ. ಇಲ್ಲಿಯವರು ಅದಕ್ಕೆ ಜಲಪರ್ಣಿ ಎನ್ನುತ್ತಾರೆ. ನೋಡಿದರೆ ನಮ್ಮೂರಿನ ಗದ್ದೆಯಂತೆ ಕಾಣುತ್ತದೆ. ಮೇಲೆ ಹಸಿರು, ನಡುನಡುವೆ ನೇರಳೆ ಹೂವು. ಕೆಳಗೆ ನೀರು, ನೀರಿನ ಕೆಳಗೆ ವರ್ಷವರ್ಷದ ಕೆಸರು. ಹಿಂದಿನ ವಾರ ನಾನು ನೋಡಿಬಂದಾಗ ಮೆಟ್ಟಿಲ ಬುಡದಲ್ಲಿ ಬಯಲು ನೀರಿತ್ತು. ಆ ದಿನ ಗಾಳಿ ಹಸಿರನ್ನೆಲ್ಲ ಈ ಕಡೆ ನೂಕಿ ನೀರನ್ನು ಮುಚ್ಚಿತ್ತು.

ಕಾಳ್ಯಾ ನಮ್ಮ ಹಿಂದೆಯೇ ಬಂದಿತ್ತು. ಶ್ರಾದ್ಧದ ಹೊತ್ತಿಗೆ ನಾಯಿ ಸುಳಿಯಬಾರದು, ಓಡಿಸಿ ಎಂದು ಪುರೋಹಿತರು ಎರಡು ಸಲ ಹೇಳಿದರು. ಮಗ ಕೇಳಿಸದವನಂತೆ ನಡೆದ. ಪುರೋಹಿತರು ಮೆಟ್ಟಿಲಿಳಿದು, ಕೊಡೆಯ ತುದಿಯಿಂದ ಹಸಿರನ್ನು ಚುಚ್ಚಿ ನೋಡುತ್ತ, ಇಲ್ಲೇ ಎಲೆ ಸರಿಸಿ ಕೈಯಿಂದ ನೀರಿಗೆ ಬಿಡಬೇಕು ಎನ್ನುತ್ತಿದ್ದರು. ಅಷ್ಟರಲ್ಲಿ ಮಗ ಪಿಂಡದ ಎಲೆಯನ್ನು ಎತ್ತಿ, ದೂರದಲ್ಲಿ ಮಿನುಗುತ್ತಿದ್ದ ಬಯಲು ನೀರಿಗೆ ಗುರಿಯಿಟ್ಟು ಎಸೆದುಬಿಟ್ಟ.

ಇದು ಈ ಊರಲ್ಲಿ ಹುಟ್ಟಿದವರು ಮಾತ್ರ ಮಾಡುವ ಕೆಲಸ. ವಾಶಿಯ ಬಳಿ ಸಮುದ್ರದ ಖಾಡಿಯ ಸೇತುವೆಯ ಮೇಲೆ ಗಾಡಿ ಹೋಗುವಾಗ ಬಾಗಿಲಲ್ಲಿ ನಿಂತು, ದೇವರ ಮನೆಯ ಬಾಡಿದ ಹೂವಿನ ಪೊಟ್ಟಣವನ್ನು ಕಂಬಿಗಳ ಸಂದಿನಿಂದ ನೀರಿಗೆ ಎಸೆಯುತ್ತಾರಲ್ಲ, ಅದೇ ಕೈ. ಪುರೋಹಿತರು ಹುಬ್ಬು ಗಂಟಿಕ್ಕಿದಾಗ ಅವನು "ಟ್ರೇನ್ ಸೇ ಭೀ ಐಸೇ ಹೀ ಡಾಲ್ತೇ ಹೈಂ ನಾ, ಗುರುಜಿ" ಎಂದ. ಗಾಡಿಯಿಂದಲೂ ಹೀಗೇ ಹಾಕ್ತಾರಲ್ಲ ಎಂದು. ಆದರೆ ಎಲೆ ಬಯಲು ನೀರಿಗೆ ತಲುಪಲೇ ಇಲ್ಲ. ನಡುವಿನ ಹಸಿರಿನ ಮೇಲೆ ಬಿದ್ದು ಹಾಗೇ ಕುಳಿತಿತು. ಅನ್ನದ ಉಂಡೆಗಳು ನಮಗೆ ಕಾಣುತ್ತಿದ್ದವು.

ಕಾಳ್ಯಾಗೂ ಕಂಡವು. ಅದು ಮೆಟ್ಟಿಲಿಂದ ಹಾರಿ, ಹುಲ್ಲಿನ ಮೇಲೆ ಓಡಿದಂತೆ ಹಸಿರಿನ ಮೇಲೆ ಓಡಿತು. ಬಡಕಲು ನಾಯಿ, ಓಡುವಷ್ಟು ಹೊತ್ತು ಎಲೆಗಳು ತಡೆದವು. ನಿಂತು ತಿನ್ನತೊಡಗಿದಾಗ ಹಿಂಗಾಲು ಇಳಿಯಿತು. ತಿರುಗಲು ನೋಡಿತು, ಹೊಟ್ಟೆಯವರೆಗೆ ಹೋಯಿತು. ಮುಂಗಾಲು ಹಾಕಿದಲ್ಲೆಲ್ಲ ಎಲೆ ಮಗುಚಿ ನೀರು ಬಾಯಿ ತೆರೆಯುತ್ತಿತ್ತು. ಅದು ಬೊಗಳಲಿಲ್ಲ. ನಮ್ಮ ಕಡೆ ನೋಡುತ್ತಿತ್ತು.

"ಬುಡ್ತೋಯ್ ಪಪ್ಪಾ" ಎಂದ ಮಗ. ಮುಳುಗ್ತಿದೆ ಎಂದು. ಹಾಗೆಂದವನೇ ಕೊನೆಯ ಮೆಟ್ಟಿಲಿಂದ ಒಂದು ಕಾಲನ್ನು ಹಸಿರಿನ ಮೇಲಿಟ್ಟ. ಕಾಲು ತೊಡೆಯವರೆಗೆ ಹೋಯಿತು. ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಪುರೋಹಿತರು ಆ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕುಕ್ಕರಿಸಿ, ಒಂದು ತೋಳನ್ನು ಕಂಬಿಗೆ ಸುತ್ತಿ, ಇನ್ನೊಂದು ಕೈಯಲ್ಲಿ ಅವನ ಸೊಂಟದ ಪಂಚೆಯನ್ನು ಹಿಡಿದಿದ್ದರು. ಎಪ್ಪತ್ತು ದಾಟಿದ ಕೈ. ಮಗ ಬಿಡಿಸಿಕೊಳ್ಳಲು ಒದ್ದಾಡಿದ. "ಛೋಡೋ ಗುರುಜಿ, ಆಯೀಚಾ ಕುತ್ರಾ ಆಹೇ ತೋ" ಎಂದ. ಅಮ್ಮನ ನಾಯಿ ಅದು, ಬಿಡಿ.

ಪುರೋಹಿತರು ಗಲಾಟೆ ಮಾಡಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು: "ಇವತ್ತು ನಿಮ್ಮ ಮನೆಗೆ ಒಂದು ಶ್ರಾದ್ಧ ಸಾಕು. ಕೂತ್ಕೋ."

ಮಗನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಕುಳಿತ.

ಆಮೇಲೆ ನಡೆದದ್ದರಲ್ಲಿ ಯಾರೂ ನೀರಿಗಿಳಿಯಲಿಲ್ಲ. ನನಗೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೇಳಿದರು, ಬೊಬ್ಬೆ ಹಾಕಬೇಡಿ ಎಂದೂ ಹೇಳಿದರು; ಬೊಬ್ಬೆ ಹಾಕಿದರೆ ನಾಯಿ ಇನ್ನಷ್ಟು ಒದ್ದಾಡುತ್ತದೆ. ಮಗನಿಗೆ ನಾಯಿಯೊಡನೆ ಮಾತಾಡುತ್ತ ಇರು, ಅದರ ಮುಖ ಈ ಕಡೆಗೇ ಇರಲಿ ಎಂದರು. ತಮ್ಮ ಉತ್ತರೀಯದ ತುದಿಗೆ ಗಂಟು ಹಾಕಿ ಅದರತ್ತ ಬೀಸಿದರು. ಅದು ತಲುಪಲಿಲ್ಲ, ಹೆದರಿದ ನಾಯಿ ಹಿಂದಕ್ಕೆ ಸರಿದು ಇನ್ನಷ್ಟು ಇಳಿಯಿತು. ನನ್ನ ತಪ್ಪು, ಬೇಡ, ಎಂದು ತಮಗೇ ಹೇಳಿಕೊಂಡು ಸುತ್ತ ನೋಡಿದರು. ಅವರ ಕಣ್ಣು ಹುಟ್ಟುಹಬ್ಬದ ಬ್ಯಾನರಿನ ಮೇಲೆ ನಿಂತಿತು.

ಮರದ ಪಟ್ಟಿಗಳ ಚೌಕಟ್ಟಿಗೆ ಬಿಗಿದ ದೊಡ್ಡ ಬ್ಯಾನರು. ಅದನ್ನು ಬಿಚ್ಚಿ ತಂದೆವು. ಪುರೋಹಿತರು ಮೊದಲು ಅದರ ಪ್ರತಿ ಪಟ್ಟಿಯನ್ನೂ ಮಂಡಿಯಿಂದ ಒತ್ತಿ ನೋಡಿದರು. ನನಗೆ ತಡೆಯಲಾಗಲಿಲ್ಲ. ಅಲ್ಲಿ ಜೀವ ಹೋಗುತ್ತಿದೆ, ಇವರಿಗೆ ಇಲ್ಲೂ ಪರೀಕ್ಷೆ. ಒಂದು ಮೂಲೆಗೆ ಮೂರು ಉತ್ತರೀಯಗಳನ್ನು ಒಂದಕ್ಕೊಂದು ಕಟ್ಟಿದೆವು. ನಾನು ಹಾಕಿದ ಗಂಟನ್ನು ಎಳೆದು ನೋಡಿ, ಬಿಚ್ಚಿ, ತಾವೇ ಹಾಕಿದರು. "ಇದು ಫೈಲಿಗೆ ಕಟ್ಟುವ ಗಂಟು" ಎಂದರು.

ಮಗ ಮೆಟ್ಟಿಲ ಮೇಲೆ ಬೋರಲು ಮಲಗಿದ. ಅವನ ಎರಡು ಕಾಲುಗಳನ್ನು ನಾನು ಹಿಡಿದೆ. ಬ್ಯಾನರನ್ನು ಹಸಿರಿನ ಮೇಲೆ ಜಾರಿಸಿ, ಕೊಡೆಯಿಂದ ನೂಕಿ ನೂಕಿ ಮುಂದೆ ಕಳಿಸಿದೆವು. ಅಗಲವಾಗಿದ್ದುದರಿಂದ ಎಲೆಗಳು ಅದನ್ನು ಹೊತ್ತವು. ಅದರ ಅಂಚು ಕಾಳ್ಯಾನ ಎದೆಗೆ ತಾಗಿತು. ನಾಯಿ ಮುಂಗಾಲೊಂದನ್ನು ಪುಢಾರಿಯ ಹಣೆಯ ಮೇಲಿಟ್ಟಿತು.

"ಎಳಿಬೇಡ. ಅದೇ ಹತ್ತಲಿ" ಎಂದರು ಪುರೋಹಿತರು.

ಅದು ಜಾರಿತು. ಮತ್ತೆ ಕಾಲಿಟ್ಟಿತು. ಮಗ ಮರಾಠಿಯಲ್ಲಿ ಏನೇನೋ ಹೇಳುತ್ತಲೇ ಇದ್ದ, ನನ್ನ ಹೆಂಡತಿ ಅದನ್ನು ಊಟಕ್ಕೆ ಕರೆಯುತ್ತಿದ್ದ ಮಾತುಗಳೂ ಅದರಲ್ಲಿದ್ದವು. ಕಡೆಗೆ ಎರಡು ಮುಂಗಾಲು, ಎದೆ, ಹೊಟ್ಟೆ ಮೇಲೆ ಬಂದವು. ಆಗ ಅವರು "ಈಗ ಎಳಿ, ನಿಧಾನ" ಎಂದರು. ಬ್ಯಾನರು ಮೆಟ್ಟಿಲಿಗೆ ತಾಗುವಷ್ಟರಲ್ಲಿ ಮಗ ಕೈ ಚಾಚಿದ. ಪುರೋಹಿತರು ಕೊಡೆಯನ್ನು ಅಡ್ಡ ಹಿಡಿದರು. ಹೆದರಿದ ಪ್ರಾಣಿ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ, ಅದೇ ಇಳಿದು ಬರಲಿ ಎಂದರು. ಕಾಳ್ಯಾ ತಾನೇ ಹಾರಿ ಮೆಟ್ಟಿಲೇರಿತು. ನೇರ ಪುರೋಹಿತರ ಬಳಿ ಬಂದು, ಮೈ ಕೊಡವಿ, ಕೆರೆಯ ಕೆಸರನ್ನೆಲ್ಲ ಅವರ ಮಡಿ ಪಂಚೆಗೆ ಹಾಕಿ, ಅವರ ಕಾಲಿಗೆ ಒರಗಿ ನಡುಗುತ್ತ ನಿಂತಿತು. ಅವರು ಕಾಲು ಎಳೆದುಕೊಳ್ಳಲಿಲ್ಲ.

ಅಗ್ನಿಶಾಮಕದವರು ಏಣಿ, ಹಗ್ಗ ತೆಗೆದುಕೊಂಡು ಬಂದಾಗ ನಾವು ಮೂವರೂ ಮೆಟ್ಟಿಲ ಮೇಲೆ ಕುಳಿತಿದ್ದೆವು. ಅವರ ಮುಖಂಡ ಮೊದಲು ಕೇಳಿದ್ದು, ಯಾರಾದರೂ ನೀರಿಗಿಳಿದರೇ ಎಂದು. ಇಲ್ಲ ಎಂದ ಮೇಲೆ ಅವನ ಮುಖ ಸಡಿಲವಾಯಿತು. ನಾಯಿ ಉಳಿಸಲು ಹೋದ ಮನುಷ್ಯರನ್ನೇ ನಾವು ಹೆಚ್ಚು ಎತ್ತುವುದು ಎಂದ. ಪುರೋಹಿತರು ಅವನ ಕೈಯ ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು.

ಮನೆಗೆ ನಡೆಯುವಾಗ ನನಗೆ ಒಂದೇ ಚಿಂತೆ. ಪಿಂಡವನ್ನು ನಾಯಿ ಮುಟ್ಟಿತು. ಪುರೋಹಿತರನ್ನೂ ಮುಟ್ಟಿತು. ನನ್ನ ಹೆಂಡತಿಯ ವರ್ಷದ ಕರ್ಮ ಕೆಟ್ಟಿತೋ ಉಳಿಯಿತೋ? ಬೇರೆ ಪುರೋಹಿತರಾಗಿದ್ದರೆ ಏನಾದರೂ ಸಮಾಧಾನ ಹೇಳಿ ಸಂಭಾವನೆ ತೆಗೆದುಕೊಂಡು ಹೋಗುತ್ತಿದ್ದರು. ಇವರು ನಿಂತು, ಆ ಅರ್ಧಗಣ್ಣಿನಲ್ಲಿ ನನ್ನನ್ನು ನೋಡಿ, ತಮಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲದ ಮೇಲೆ ಅನುಮಾನ ಉಳಿಸಬಾರದು. ಎಲ್ಲರೂ ಇನ್ನೊಮ್ಮೆ ಸ್ನಾನ ಮಾಡೋಣ, ಅಕ್ಕಿ ಇನ್ನೊಮ್ಮೆ ಇಡಲಿ, ಪಿಂಡಪ್ರದಾನ ಮತ್ತೆ ಮಾಡೋಣ ಎಂದರು. ಚೀಲದಿಂದ ಫೋನು ತೆಗೆದು, ಮಾಜಿವಾಡಾದವರಿಗೆ ಇವತ್ತು ಬರುವುದಿಲ್ಲ ಎಂದು ಹೇಳಿ, ಅದರ ಬಾಯಿ ಮುಚ್ಚಿಸಿ ಒಳಗಿಟ್ಟರು.

ಸೊಸೆ ಮತ್ತೆ ಅಕ್ಕಿ ತೊಳೆದಳು. ಬಾಲ್ಕನಿಗೆ ಸಂಜೆಯ ಬಿಸಿಲು ಬರುವ ಹೊತ್ತಿನಲ್ಲಿ ಹಸಿದ ಹೊಟ್ಟೆಯಲ್ಲಿ ಅವರು ಎಲ್ಲವನ್ನೂ ಮೊದಲಿಂದ ಹೇಳಿಸಿದರು. ನಾನು ಪುಸ್ತಕ ತೆರೆಯಲಿಲ್ಲ. ನನ್ನ ಮಗ ಬಲಭುಜದ ಮೇಲೆ ಜನಿವಾರ ಹಾಕಿಕೊಂಡು, ಎಳ್ಳುನೀರು ಬಿಡುತ್ತ, ನನ್ನ ಎದುರಿಗೆ ಕುಳಿತಿದ್ದ. ಸ್ನಾನ ಮಾಡಿದರೂ ಅವನ ತೊಡೆಯಲ್ಲಿ ಕೆಸರಿನ ಗೆರೆ ಸ್ವಲ್ಪ ಉಳಿದಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಮಂತ್ರ ಹಾರಿತೋ ಇಲ್ಲವೋ ನನಗೆ ತಿಳಿಯದು.

ಈ ಸಲದ ಪಿಂಡವನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟು, ಕಟ್ಟಡದ ಹಿಂದಿನ ತೆಂಗಿನ ಬುಡಕ್ಕೆ ಸುರಿದೆವು.

ಅಂದಿನಿಂದ ಅವರು ಯಾರನ್ನೂ ಆ ಕೆರೆಗೆ ಕರೆದೊಯ್ಯಲಿಲ್ಲ. ಪಿಂಡ ಬಿಡಲು ಬಕೆಟ್ಟು, ಇಲ್ಲವೇ ತಬೇಲೆ ಎನ್ನುವ ಇಲ್ಲಿಯ ಹಾಲಿನ ಕೊಟ್ಟಿಗೆಯ ದನ. ಸಂಪ್ರದಾಯ ಬಿಟ್ಟರು, ಮುದುಕರಿಗೆ ಹೆದರಿಕೆ ಹತ್ತಿದೆ ಎಂದು ಕೆಲವರು ಆಡಿಕೊಂಡರು. ಒಂದೆರಡು ಮನೆಗಳು ಬೇರೆ ಪುರೋಹಿತರನ್ನು ಹಿಡಿದವು. ಅವರು ಅದಕ್ಕೂ ಜಗ್ಗಲಿಲ್ಲ. ಹೋದ ಮನೆಯಲ್ಲೆಲ್ಲ, ಎಲೆಯ ಮುಂದೆ ಕುಳಿತ ಜನರಿಗೆ, ಹಸಿರಿನ ಮೇಲೆ ನಾಯಿಯೋ ಕರುವೋ ಸಿಕ್ಕಿಬಿದ್ದರೆ ನೀವು ಹೋಗಬೇಡಿ, ಫೋನ್ ಮಾಡಿ, ಅಗಲವಾದದ್ದೇನಾದರೂ ನೂಕಿ ಎಂದು ಪಾಯಸ ಬರುವವರೆಗೆ ಹೇಳುತ್ತಿದ್ದರಂತೆ.

ಮಗ ಒಂದು ದಿನ ಅವರಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಎಲ್ಲೋ ಚಳಿದೇಶದಲ್ಲಿ ಕೆರೆ ಹೆಪ್ಪುಗಟ್ಟಿದೆ, ನಾಯಿಯೊಂದು ಐಸು ಒಡೆದು ಒಳಗೆ ಬಿದ್ದಿದೆ, ಹಗ್ಗ ಕಟ್ಟಿಕೊಂಡ ಜನ ಏಣಿಯ ಮೇಲೆ ಮಲಗಿ ತೆವಳುತ್ತ ಹೋಗುತ್ತಾರೆ. ಪುರೋಹಿತರು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಹಿಂದೆ ದಡದಲ್ಲಿ ಒಬ್ಬ ಐಸಿನ ಅಂಚಿಗೆ ನಿಂತಿದ್ದ. ಅವನು ನಿಂತದ್ದು ಸರಿಯಲ್ಲ ಎಂದರು. ಕಡೆಗೆ ಫೋನು ಹಿಂದಿರುಗಿಸಿ, "ಅಲ್ಲಿ ಬಿಳಿ, ಇಲ್ಲಿ ಹಸಿರು. ಎರಡೂ ಕೆರೆ ಹಾಕುವ ನೆಲದ ವೇಷ" ಎಂದರು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಆಸ್ಪತ್ರೆಗೆ ನಾನು ದಿನವೂ ನಾಲ್ಕಕ್ಕೆ ಹೋಗುತ್ತಿದ್ದೆ. ಮಾತ್ರೆಯ ಪಟ್ಟಿಯ ಮೇಲಿನ ತಾರೀಖನ್ನು ನನ್ನಿಂದ ಓದಿಸಿ, ನರ್ಸಿನಿಂದ ಮತ್ತೊಮ್ಮೆ ಓದಿಸಿ, ಎರಡೂ ಹೊಂದಿದರೆ ಮಾತ್ರ ನುಂಗುತ್ತಿದ್ದರು. ನಾನು ಕೊನೆಯ ಸಲ ನೋಡಿದ ದಿನ ದನಿ ಸೋತಿತ್ತು. ಹತ್ತಿರ ಬಾಗಿದೆ.

"ನಿಮ್ಮ ಮಗ ಕೆರೆ ಕಡೆ ಹೋಗ್ತಾನಾ?"

ಇಲ್ಲ ಎಂದೆ.

"ಯಾರು ಹೇಳಿದ್ದು?"

"ಅವನೇ ಹೇಳಿದ್ದು."

"ಅವ ಹೇಳಿದ್ದಲ್ವಾ" ಎಂದರು. "ನೀವು ನೋಡ್ತಾ ಇರಿ."

ಆ ಮಳೆಗಾಲದಲ್ಲಿ ಹೋದರು. ಅವರ ಮೇಲಿನ ನನ್ನ ಅನುಮಾನ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಬಿಡುವಿಲ್ಲದ ದಿನಗಳಲ್ಲಿ ಅವರು ಮಂತ್ರ ಹಾರಿಸುತ್ತಿದ್ದರು ಎಂದೇ ಈಗಲೂ ನನ್ನ ಅಭಿಪ್ರಾಯ.

ಪಿತೃಪಕ್ಷ ಬಂತು. ಹೊಸ ಪುರೋಹಿತರು ಚಿಕ್ಕ ವಯಸ್ಸಿನವರು, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನನ್ನ ತಂದೆತಾಯಿ, ಅಜ್ಜ, ಮುತ್ತಜ್ಜ, ಹೆಂಡತಿ, ಎಲ್ಲರಿಗೂ ಎಳ್ಳುನೀರು ಬಿಟ್ಟಾಯಿತು. ಇನ್ನು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದು ಹಳೆಯ ಪುರೋಹಿತರ ಹೆಸರು, ಗೋತ್ರ ಹೇಳಿದೆ. ಹೊಸಬರು ಎಣಿಸುತ್ತಿದ್ದ ಬೆರಳು ನಿಲ್ಲಿಸಿ, ನಿಮಗೆ ಅವರು ಏನಾಗಬೇಕು ಎಂದರು. ಸಂಬಂಧ ಹೇಳದೆ ನೀರು ಬಿಡುವಂತಿಲ್ಲ.

ನಾನು ಯೋಚಿಸಿದೆ. ನೆಂಟರಲ್ಲ. ನನಗೆ ಪಾಠ ಹೇಳಿದವರಲ್ಲ. ಗೆಳೆಯರೆಂದರೆ ಅವರೇ ಮೊದಲು ಯಾರು ಹೇಳಿದ್ದು ಎಂದು ಕೇಳುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನನ್ನ ಮಗ ಒದ್ದೆ ತಲೆ ಒರೆಸಿಕೊಳ್ಳುತ್ತ, ಸೊಸೆಗೆ ಏನೋ ಹೇಳಿ ನಗುತ್ತಿದ್ದ.

"ಆಪ್ತರು" ಎಂದೆ.

ಸರಿ, ಅದಕ್ಕೆ ಮಂತ್ರವಿದೆ ಎಂದು ಹೊಸ ಪುರೋಹಿತರು ಹೇಳಿಸಿದರು. ನಾನು ಹೇಳಿ ನೀರು ಬಿಟ್ಟೆ. ಇಲ್ಲಿ ಅವರ ಹೆಸರನ್ನು ಬರೆದಿಲ್ಲ. ವರ್ಷಕ್ಕೊಮ್ಮೆ, ಗೋತ್ರದೊಡನೆ, ಆ ಹೆಸರು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ.